ಹೊಸ ಸ್ಪೀಕರ್ ಪಳಗೋಕೆ ನಿಜವಾಗಿಯೂ 200 ಗಂಟೆ ಬೇಕಾ?

ಹೊಸಕಿವಿ:

ಎಲ್ಲರಿಗೂ ನಮಸ್ಕಾರ. ಒಂದು ಜೊತೆ ಬುಕ್‌ಶೆಲ್ಫ್ ಸ್ಪೀಕರ್ ತಂದಿದ್ದೇನೆ. ಆರೂವರೆ ಇಂಚಿನ ವೂಫರ್ (ಬೇಸ್ ನುಡಿಸುವುದು), ಒಂದಿಂಚಿನ ಮೆಟಲ್ ಡೋಮ್ ಟ್ವೀಟರ್ (ಮೇಲಿನ ದನಿ ನುಡಿಸುವುದು), ಹಿಂಬದಿಯಲ್ಲಿ ಪೋರ್ಟ್, ಅಂದರೆ ಗಾಳಿ ಆಡುವ ಕೊಳವೆ. ಬಹಳ ದಿನ ಆಸೆಪಟ್ಟು, ಓದಿ, ನಾಲ್ಕು ಜನರನ್ನು ವಿಚಾರಿಸಿ ತಂದದ್ದು. ಆದರೆ ಮನೆಯಲ್ಲಿ ಹಾಕಿದಾಗಿನಿಂದ ಸಮಾಧಾನವೇ ಇಲ್ಲ. ಬೇಸ್ ತೆಳ್ಳಗಿದೆ. ಹೆಣ್ಣು ದನಿಯ ಹಾಡು ಹಾಕಿದರೆ ಸ, ಶ ಬಂದಾಗೆಲ್ಲ ಕಿವಿಗೆ ಚುಚ್ಚುತ್ತದೆ. ಅರ್ಧ ಗಂಟೆ ಕೇಳಿದರೆ ತಲೆ ಭಾರವಾಗುತ್ತದೆ.

ಮಾರಿದವರನ್ನು ಕೇಳಿದೆ. "ಇನ್ನೂ ಪಳಗಿಲ್ಲ, 200 ಗಂಟೆ ಓಡಿಸಿ, ಆಮೇಲೆ ಹೇಗೆ ಬಿಚ್ಚಿಕೊಳ್ಳುತ್ತೆ ನೋಡಿ" ಅಂದರು. ದಿನಕ್ಕೆ ಎರಡು ಗಂಟೆ ಕೇಳಿದರೂ 200 ಗಂಟೆ ಆಗುವಾಗ ಮೂರು ತಿಂಗಳು ದಾಟಿರುತ್ತದೆ. ವಾಪಸ್ ಕೊಡುವ ಗಡುವು ಅದಕ್ಕೆ ಮೊದಲೇ ಮುಗಿಯುತ್ತದೆ.

ಈ ಪಳಗೋದು ನಿಜಾನಾ? ನಿಜವಾದರೆ ಎಷ್ಟು ಹೊತ್ತು ಬೇಕು? ಈ ಚುಚ್ಚುವ ದನಿ ಅದರಿಂದ ಹೋಗುತ್ತಾ? ಆಂಪ್ಲಿಫೈಯರ್, ಕೇಬಲ್, ಹೆಡ್‌ಫೋನ್ ಎಲ್ಲಕ್ಕೂ ಇದೇ ಮಾತು ಹೇಳುತ್ತಾರೆ. ಗೊತ್ತಿರುವವರು ದಯವಿಟ್ಟು ತಿಳಿಸಿ.

ರಾತ್ರಿರೇಡಿಯೊ:

ನನ್ನ ಮಟ್ಟಿಗೆ ಇದು ನಿಜ. ನನ್ನ ಟವರ್ ಸ್ಪೀಕರ್ ಬಂದಾಗ ದನಿ ಬಿಗಿಯಾಗಿತ್ತು. ಬೇಸ್ ಪೆಟ್ಟಿಗೆಯೊಳಗೇ ಸಿಕ್ಕಿಕೊಂಡ ಹಾಗೆ ಕೇಳುತ್ತಿತ್ತು. ಒಂದು ತಿಂಗಳ ಹೊತ್ತಿಗೆ ಎಲ್ಲ ಬಿಚ್ಚಿಕೊಂಡಿತು, ಈಗ ಅದನ್ನು ಬಿಟ್ಟು ಬೇರೆ ಬೇಡ ಅನಿಸುತ್ತದೆ. ಜೊತೆಗೆ ಬಂದ ಕೈಪಿಡಿಯಲ್ಲೂ ಪಳಗಲು ಸಮಯ ಕೊಡಿ ಅಂತ ಬರೆದಿತ್ತು. ಪಿಂಕ್ ನಾಯ್ಸ್ (ಎಲ್ಲ ಕಂಪನಗಳೂ ಸೇರಿದ ಒಂದೇ ಸಮನೆಯ ಸದ್ದು) ಹಾಕಿ ಹಗಲು ರಾತ್ರಿ ಓಡಲು ಬಿಡಿ. ಅವಸರ ಮಾಡಿ ವಾಪಸ್ ಕೊಡಬೇಡಿ.

ಕೋನ್‌ಕೆಲಸ:

ನಾನು ಸ್ಪೀಕರ್ ರಿಪೇರಿ ಮಾಡುವವನು. ಹರಿದ ಸರೌಂಡ್ ಬದಲಿಸುವುದು, ಸುಟ್ಟ ವಾಯ್ಸ್ ಕಾಯಿಲ್ (ಕೋನನ್ನು ಆಡಿಸುವ ತಂತಿಸುರುಳಿ) ತೆಗೆದು ಹೊಸದು ಕೂರಿಸುವುದು, ಪೂರ್ತಿ ರೀಕೋನ್ ಮಾಡುವುದು, ಅಂದರೆ ಕೋನ್ ಸಮೇತ ಹೊಸದು ಹಾಕುವುದು, ನನ್ನ ಕೆಲಸ. ಸ್ವಲ್ಪ ಉದ್ದ ಬರೆಯುತ್ತೇನೆ. ನಿಮ್ಮ ಹಣ, ನಿಮ್ಮ ಗಡುವು ಎರಡೂ ಇದರ ಮೇಲೆ ನಿಂತಿವೆ.

ಮೊದಲು ನೇರ ಉತ್ತರ. ಸ್ಪೀಕರ್ ಪಳಗುವುದು ನಿಜ, ಅದು ಅಳತೆಗೆ ಸಿಗುತ್ತದೆ. ಆದರೆ ಅದು ನಿಮಿಷ, ಗಂಟೆಗಳ ಲೆಕ್ಕ. ತಿಂಗಳ ಲೆಕ್ಕ ಅಲ್ಲ. ಟ್ವೀಟರ್ ಚುಚ್ಚುವುದು ಅದರಿಂದ ನಿಲ್ಲುವುದಿಲ್ಲ. ಗಡುವಿನೊಳಗೇ ತೀರ್ಮಾನ ಮಾಡಿ.

ಈಗ ಕಾರಣ ಹೇಳುತ್ತೇನೆ. ವೂಫರ್‌ನ ಕೋನ್ ಎರಡು ಕಡೆ ಆತುಕೊಂಡಿರುತ್ತದೆ. ಹೊರ ಅಂಚಿನಲ್ಲಿ ಸರೌಂಡ್. ಅದು ರಬ್ಬರ್, ಫೋಮ್ ಅಥವಾ ಬಟ್ಟೆಯದು. ಒಳಗಡೆ, ವಾಯ್ಸ್ ಕಾಯಿಲ್ ಸುತ್ತ, ಸ್ಪೈಡರ್. ಇದು ಉಂಗುರ ಉಂಗುರವಾಗಿ ಅಲೆ ಮೂಡಿಸಿದ ದುಂಡನೆಯ ಬಟ್ಟೆ. ಹತ್ತಿ ಬಟ್ಟೆಯನ್ನೋ ನೋಮೆಕ್ಸ್ ತರದ ನೂಲಿನ ಬಟ್ಟೆಯನ್ನೋ ಫಿನಾಲಿಕ್ ರೆಸಿನ್‌ನಲ್ಲಿ ಅದ್ದಿ, ಬಿಸಿ ಅಚ್ಚಿನಲ್ಲಿ ಒತ್ತಿ ಮಾಡುತ್ತಾರೆ. ಹೊಸ ಸ್ಪೈಡರನ್ನು ಬೆರಳಲ್ಲಿ ಒತ್ತಿ ನೋಡಿದರೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಸೆಟೆದುಕೊಂಡಿರುತ್ತದೆ. ಅದು ಜೋರಾಗಿ ಹಿಂದೆ ಮುಂದೆ ಆಡಿದಾಗ ನೂಲುಗಳ ನಡುವಿನ ರೆಸಿನ್ ಅಲ್ಲಲ್ಲಿ ಸಣ್ಣಗೆ ಬಿರಿಯುತ್ತದೆ. ಬಿಗಿ ಸಡಿಲವಾಗುತ್ತದೆ. ಪಳಗುವುದು ಅಂದರೆ ಬಹುಪಾಲು ಇಷ್ಟೇ.

ರೀಕೋನ್ ಮಾಡಿ ಅಂಟು ಒಣಗಿದ ಮೇಲೆ ನಾನು ಎಫ್‌ಎಸ್ ಅಳೆಯುತ್ತೇನೆ. ಪೆಟ್ಟಿಗೆಗೆ ಹಾಕದೆ ಹಾಗೇ ಹಿಡಿದ ಡ್ರೈವರ್ (ವೂಫರ್, ಟ್ವೀಟರ್ ತರದ ದನಿ ಹೊರಡಿಸುವ ಘಟಕ) ಯಾವ ಕಂಪನದಲ್ಲಿ ಅತಿ ಸುಲಭವಾಗಿ ಆಡುತ್ತದೋ ಅದೇ ಎಫ್‌ಎಸ್. ಆಮೇಲೆ ಕೋನ್ ಚೆನ್ನಾಗಿ ಆಡುವಷ್ಟು ಜೋರಾಗಿ, ತೀರಾ ಕೆಳಗಿನ ಸೈನ್ ಟೋನ್ (ಒಂದೇ ಕಂಪನದ ಶುದ್ಧ ದನಿ) ಕೊಟ್ಟು ಸ್ವಲ್ಪ ಹೊತ್ತು ಬಿಡುತ್ತೇನೆ. ಮತ್ತೆ ಅಳೆದರೆ ಎಫ್‌ಎಸ್ ಇಳಿದಿರುತ್ತದೆ. ಇಳಿಯುವುದರಲ್ಲಿ ದೊಡ್ಡ ಪಾಲು ಮೊದಲ ಕೆಲವು ನಿಮಿಷಗಳಲ್ಲೇ ಆಗಿಹೋಗುತ್ತದೆ. ಇನ್ನೂ ಒಂದೆರಡು ಗಂಟೆ ಓಡಿಸಿದರೆ ಅಂಕಿ ಹೆಚ್ಚುಕಮ್ಮಿ ಅಲ್ಲೇ ನಿಲ್ಲುತ್ತದೆ. ಜಾಸ್ತಿ ಜನ ಹೇಳದ ಒಂದು ವಿಷಯ ಇದೆ. ರಾತ್ರಿ ಸುಮ್ನೆ ಬಿಟ್ಟು ಬೆಳಿಗ್ಗೆ ಅಳೆದರೆ, ಇಳಿದದ್ದರಲ್ಲಿ ಒಂದಿಷ್ಟು ವಾಪಸ್ ಏರಿರುತ್ತದೆ. ರಬ್ಬರಿನ ಸ್ವಭಾವವೂ ಅದೇ, ರೆಸಿನ್ ಬಟ್ಟೆಯ ಸ್ವಭಾವವೂ ಅದೇ. ಚಳಿಯಲ್ಲಿ ಎರಡೂ ಇನ್ನಷ್ಟು ಬಿಗಿ. ಹಾಗಾಗಿ ತಣ್ಣನೆ ಗಾಡಿಯಲ್ಲಿ ಬಂದ ಪೆಟ್ಟಿಗೆಯನ್ನು ಕೋಣೆಯ ಬಿಸಿಗೆ ಬರಲು ಬಿಟ್ಟು ಆಮೇಲೆ ಹಾಕಬೇಕು.

ಇನ್ನು ಮುಖ್ಯ ಮಾತು. ಬರೀ ಡ್ರೈವರ್‌ನಲ್ಲಿ ಕಂಡ ಬದಲಾವಣೆ ಪೆಟ್ಟಿಗೆಯೊಳಗೆ ಅಷ್ಟೇ ದೊಡ್ಡದಾಗಿ ಉಳಿಯುವುದಿಲ್ಲ. ಪೆಟ್ಟಿಗೆಯಲ್ಲಿರುವ ಗಾಳಿಯೂ ಒಂದು ಸ್ಪ್ರಿಂಗ್ ಅಲ್ವಾ? ಚಿಕ್ಕ ಪೆಟ್ಟಿಗೆಯಲ್ಲಿ ಆ ಗಾಳಿಯ ಬಿಗಿಯೇ ಜಾಸ್ತಿ. ನೆವಿಲ್ ಥೀಲ್ 1961ರಲ್ಲಿ, ರಿಚರ್ಡ್ ಸ್ಮಾಲ್ 1970ರ ದಶಕದ ಶುರುವಿನಲ್ಲಿ ಇದಕ್ಕೆಲ್ಲ ಲೆಕ್ಕ ಕೊಟ್ಟುಹೋಗಿದ್ದಾರೆ. ಇವತ್ತಿಗೂ ಸ್ಪೀಕರ್ ಮಾಡುವವರು ಅದನ್ನೇ ಬಳಸುವುದು.

ಮುಚ್ಚಿದ ಪೆಟ್ಟಿಗೆಗೆ ಲೆಕ್ಕ ಸುಲಭ, ಅದನ್ನೇ ಹಾಕಿ ತೋರಿಸುತ್ತೇನೆ. ಎಫ್‌ಎಸ್ 40 ಹರ್ಟ್ಸ್ ಅಂದುಕೊಳ್ಳಿ. ವಿಎಎಸ್ 40 ಲೀಟರ್, ಅಂದರೆ ಆ ಡ್ರೈವರ್‌ನ ಸ್ಪೈಡರ್ ಮತ್ತು ಸರೌಂಡ್ ಸೇರಿ ಎಷ್ಟು ಬಿಗಿಯೋ 40 ಲೀಟರ್ ಗಾಳಿಯೂ ಅಷ್ಟೇ ಬಿಗಿ. ಪೆಟ್ಟಿಗೆ 10 ಲೀಟರ್. 40ನ್ನು 10ರಿಂದ ಭಾಗಿಸಿ, 4. ಒಂದು ಕೂಡಿಸಿ, 5. ಅದರ ವರ್ಗಮೂಲ 2.236. ಅದನ್ನು 40ರಿಂದ ಗುಣಿಸಿದರೆ 89.4 ಹರ್ಟ್ಸ್. ಪೆಟ್ಟಿಗೆಯೊಳಗೆ ಆ ಡ್ರೈವರ್‌ನ ರೆಸೋನೆನ್ಸ್, ಅಂದರೆ ಅದು ಅತಿ ಸುಲಭವಾಗಿ ಆಡುವ ಕಂಪನ, ಇದು. ಈಗ ಅದು ಪಳಗಿತು, ಎಫ್‌ಎಸ್ ಶೇ 10 ಇಳಿದು 36 ಆಯಿತು. ಬಿಗಿ ಕಡಿಮೆಯಾದದ್ದರಿಂದ ವಿಎಎಸ್ 49.4 ಲೀಟರಿಗೆ ಏರುತ್ತದೆ. ಅದೇ ಲೆಕ್ಕ ಮತ್ತೆ ಹಾಕಿದರೆ 87.7 ಹರ್ಟ್ಸ್ ಬರುತ್ತದೆ. ಹೊರಗೆ 40ರಿಂದ 36, ಒಳಗೆ 89.4ರಿಂದ 87.7. ಎರಡು ಹರ್ಟ್ಸ್ ಕೂಡ ಇಲ್ಲ.

ನಿಮ್ಮದು ಪೋರ್ಟ್ ಇರುವ ಪೆಟ್ಟಿಗೆ. ಪೋರ್ಟಿನ ಟ್ಯೂನಿಂಗ್, ಅಂದರೆ ಅದರೊಳಗಿನ ಗಾಳಿ ಆಡುವ ಕಂಪನ, ನಿಂತಿರುವುದು ಪೆಟ್ಟಿಗೆಯ ಗಾತ್ರ, ಕೊಳವೆಯ ಉದ್ದ, ಬಾಯಿಯ ಅಗಲದ ಮೇಲೆ. ಸ್ಪೈಡರ್ ಮೆತ್ತಗಾದರೆ ಅದು ಕದಲುವುದಿಲ್ಲ.

ಟ್ವೀಟರಿಗೆ ಬರೋಣ. ಡೋಮ್ ಆಡುವುದೇ ಕೂದಲೆಳೆಯಷ್ಟು. ಅದರ ಸಸ್ಪೆನ್ಷನ್ ಬಿಗಿಯೋ ಸಡಿಲವೋ ಅನ್ನುವುದು ಅದರ ರೆಸೋನೆನ್ಸ್ ಹತ್ತಿರ ಮಾತ್ರ ಲೆಕ್ಕಕ್ಕೆ ಬರುತ್ತದೆ. ಆ ಜಾಗವನ್ನು ಕ್ರಾಸ್‌ಓವರ್ (ಬೇಸ್ ವೂಫರಿಗೆ, ಮೇಲಿನ ದನಿ ಟ್ವೀಟರಿಗೆ ಹಂಚುವ ಸರ್ಕ್ಯೂಟ್) ಬೇಕಂತಲೇ ಕೆಳಗೆ ಬಿಟ್ಟಿರುತ್ತದೆ. ಸ, ಶ ಚುಚ್ಚುವುದು 5ರಿಂದ 8 ಕಿಲೋಹರ್ಟ್ಸ್ ಸುತ್ತ. ಅಲ್ಲಿ ಡೋಮಿನ ತೂಕ, ಆಕಾರ, ಕ್ರಾಸ್‌ಓವರ್, ಮುಂದಿನ ಹಲಗೆಯ ಅಂಚು ಕೆಲಸ ಮಾಡುತ್ತವೆ. ಇವು ಯಾವುವೂ 200 ಗಂಟೆಯಲ್ಲಿ ಬದಲಾಗುವಂಥವಲ್ಲ. ಮೊದಲ ದಿನ ಚುಚ್ಚಿದ್ದು ಮೂರು ತಿಂಗಳಾದ ಮೇಲೂ ಅಲ್ಲೇ ಇರುತ್ತದೆ. ನೀವು ಅದಕ್ಕೆ ಒಗ್ಗಿಕೊಂಡಿರುತ್ತೀರಿ, ಇಲ್ಲ ಹಾಡು ಕೇಳುವುದೇ ಕಡಿಮೆಯಾಗಿರುತ್ತದೆ.

ಇನ್ನೊಂದು ವಿನಂತಿ. ಹಗಲು ರಾತ್ರಿ ಪಿಂಕ್ ನಾಯ್ಸ್ ಜೋರಾಗಿ ಓಡಿಸಬೇಡಿ. ಪಳಗಿಸಲು ಹೋಗಿ ಸುಟ್ಟ ವಾಯ್ಸ್ ಕಾಯಿಲ್‌ಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ, ಪ್ರತಿ ಸಲ ನೋಡಿದಾಗಲೂ ಬೇಜಾರಾಗುತ್ತದೆ. ಹಾಡಿನಲ್ಲಿ ಏರಿಳಿತ ಇರುತ್ತದೆ, ಕಾಯಿಲ್‌ಗೆ ತಣಿಯಲು ಬಿಡುವು ಸಿಗುತ್ತದೆ. ನಾಯ್ಸ್‌ನಲ್ಲಿ ಆ ಬಿಡುವಿಲ್ಲ. ನಾನು ಮೇಲೆ ಹೇಳಿದ ಕೆಳಗಿನ ಸೈನ್ ಟೋನ್ ಕೂಡ ನೀವು ಮನೆಯಲ್ಲಿ ಹಾಕಬೇಡಿ. ಪೋರ್ಟ್ ಇರುವ ಪೆಟ್ಟಿಗೆಯಲ್ಲಿ ಟ್ಯೂನಿಂಗಿಗಿಂತ ಕೆಳಗೆ ಹೋದರೆ ಗಾಳಿಯ ಹಿಡಿತ ತಪ್ಪುತ್ತದೆ. ಕೋನ್ ಮಿತಿಮೀರಿ ಆಡಿ ಕಾಯಿಲ್ ಹಿಂದಿನ ತಟ್ಟೆಗೆ ಬಡಿಯುತ್ತದೆ. ನೀವು ದಿನಾ ಕೇಳುವ ಹಾಡನ್ನೇ, ಬೇಸ್ ಇರುವಂಥದ್ದನ್ನು, ಸ್ವಲ್ಪ ಜೋರಾಗಿ ಒಂದು ಸಂಜೆ ಹಾಕಿ. ಸಾಕು.

ಬೇಸ್ ತೆಳ್ಳಗಿರುವುದಕ್ಕೆ ನನಗೆ ಬೇರೆ ಅನುಮಾನಗಳಿವೆ. ಮೊದಲು ಪೊಲಾರಿಟಿ ನೋಡಿ. ಒಂದು ಸ್ಪೀಕರಿನ ಪ್ಲಸ್ ಮೈನಸ್ ಅದಲು ಬದಲಾಗಿದ್ದರೆ ಎರಡೂ ಸೇರಿ ಬೇಸನ್ನು ಹೊಡೆದುಹಾಕುತ್ತವೆ. ಒಬ್ಬರೇ ಮಾತಾಡುವ ಮೋನೊ ರೆಕಾರ್ಡಿಂಗ್ ಹಾಕಿ. ದನಿ ಎರಡು ಸ್ಪೀಕರ್ ನಡುವೆ ಒಂದೇ ಕಡೆ ನಿಂತರೆ ಸರಿ ಇದೆ. ಎಲ್ಲಿಂದ ಬರುತ್ತಿದೆ ಅಂತಲೇ ಗೊತ್ತಾಗದಿದ್ದರೆ ತಂತಿ ನೋಡಿ. ಆಮೇಲೆ ಗೋಡೆ. ಸ್ಪೀಕರ್ ಹಿಂದಿನ ಗೋಡೆಯಿಂದ ಒಂದು ಮೀಟರ್ ಮುಂದಿದ್ದರೆ, ಗೋಡೆಗೆ ಬಡಿದು ಬಂದ ದನಿ 86 ಹರ್ಟ್ಸ್ ಹತ್ತಿರ ಎದುರಾಗಿ ಬಂದು ನೇರ ದನಿಯನ್ನು ತಿನ್ನುತ್ತದೆ. ಡ್ರಮ್ಮಿನ ಗುದ್ದು ಇರುವ ಜಾಗವೇ ಅದು. ಕೊನೆಗೆ ನೀವು ಕೂರುವ ಜಾಗ. ಕೋಣೆ 4 ಮೀಟರ್ ಉದ್ದ ಇದ್ದು, ನೀವು ಸರಿಯಾಗಿ ನಡುಮಧ್ಯೆ ಕೂತರೆ 43 ಹರ್ಟ್ಸ್ ಸುತ್ತಿನ ದನಿ ನಿಮಗೆ ಕೇಳಿಸುವುದೇ ಕಷ್ಟ. ಕುರ್ಚಿಯನ್ನು ಅರ್ಧ ಮೀಟರ್ ಹಿಂದೆ ಸರಿಸಿ ನೋಡಿ. ಯಾವ ಪಳಗುವಿಕೆಯೂ ಕೊಡದಷ್ಟು ವ್ಯತ್ಯಾಸ ಅಲ್ಲಿ ಸಿಗುತ್ತದೆ.

ಟ್ಯೂಬ್‌ಬೆಳಕು:

ಕೋನ್‌ಕೆಲಸ ಅವರ ಮಾತಿಗೆ ನನ್ನ ತಕರಾರಿಲ್ಲ. ಉಳಿದ ಸಲಕರಣೆ ಬಗ್ಗೆಯೂ ಕೇಳಿದ್ದೀರಲ್ಲ, ನನಗೆ ಗೊತ್ತಿರುವಷ್ಟು ಸೇರಿಸುತ್ತೇನೆ.

ವಾಲ್ವ್ (ಗಾಜಿನ ಟ್ಯೂಬ್) ಆಂಪ್ಲಿಫೈಯರಿನಲ್ಲಿ ಹೊಸ ಪವರ್ ವಾಲ್ವ್ ಹಾಕಿದರೆ ಮೊದಲ ಗಂಟೆಗಳಲ್ಲಿ ಅದರ ಕರೆಂಟ್ ಅತ್ತಿತ್ತ ಸರಿಯುತ್ತದೆ. ಕ್ಯಾಥೋಡ್ ಮೇಲೆ ಬೇರಿಯಂ, ಸ್ಟ್ರಾನ್ಷಿಯಂ ಆಕ್ಸೈಡ್ ಲೇಪ ಇರುತ್ತದೆ. ಅದು ಎಲೆಕ್ಟ್ರಾನ್ ಬಿಡುವುದು ಒಂದು ಹದಕ್ಕೆ ಬರಲು ಸ್ವಲ್ಪ ಹೊತ್ತು ಬೇಕು. ಅದಕ್ಕೇ ಹಾಕಿದ ದಿನ ಒಮ್ಮೆ, ಕೆಲವು ದಿನ ಓಡಿದ ಮೇಲೆ ಇನ್ನೊಮ್ಮೆ ಬಯಾಸ್ (ಹಾಡಿಲ್ಲದಾಗಲೂ ಹರಿಯುವ ಕರೆಂಟಿನ ಹದ) ನೋಡಬೇಕು. ಇದು ಮೀಟರಿನಲ್ಲೇ ಕಾಣುತ್ತದೆ, ನಂಬಿಕೆಯ ವಿಷಯ ಅಲ್ಲ.

ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನಲ್ಲಿ ಜನ ಹೇಳುವುದು ಸಾಮಾನ್ಯವಾಗಿ ಬಿಸಿಯೇರುವುದರ ಬಗ್ಗೆ. ಕ್ಲಾಸ್ ಎ ಆಂಪ್ಲಿಫೈಯರ್ ಹಚ್ಚಿದ ಮೇಲೆ ಹೀಟ್‌ಸಿಂಕ್ ಒಂದು ಬಿಸಿಯಲ್ಲಿ ನಿಲ್ಲಲು ಅರ್ಧ ಗಂಟೆ, ಒಂದು ಗಂಟೆ ತೆಗೆದುಕೊಳ್ಳುತ್ತದೆ. ಅಲ್ಲಿವರೆಗೆ ಬಯಾಸ್ ಸರಿಯುತ್ತಿರುತ್ತದೆ. ಆದರೆ ಇದು ದಿನಾ ಆಗುವಂಥದ್ದು, ಆರಿಸಿದರೆ ಮತ್ತೆ ಮೊದಲಿಂದ. ಹೊಸದಾ ಹಳೆಯದಾ ಅನ್ನುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಕಾರ್ಖಾನೆಯಲ್ಲಿ ಹೊಸ ಯಂತ್ರಗಳನ್ನು ಗಂಟೆಗಟ್ಟಲೆ ಓಡಿಸಿ ಕಳಿಸುವುದೂ ಉಂಟು. ಅದು ದನಿ ಚೆನ್ನಾಗಲಿ ಅಂತಲ್ಲ. ದುರ್ಬಲವಾದ ಬಿಡಿಭಾಗ ಸಾಮಾನ್ಯವಾಗಿ ಶುರುವಿನಲ್ಲೇ ಕೈಕೊಡುತ್ತದೆ, ಅದು ಗಿರಾಕಿಯ ಮನೆಯಲ್ಲಿ ಕೈಕೊಡುವ ಬದಲು ಅಲ್ಲೇ ಸಿಕ್ಕಿಬೀಳಲಿ ಅಂತ.

ವರ್ಷಗಟ್ಟಲೆ ಸುಮ್ಮನಿದ್ದ ಹಳೆಯ ಆಂಪ್ಲಿಫೈಯರ್ ಮಾತ್ರ ಬೇರೆ ಕಥೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಒಳಗಿನ ಅಲ್ಯೂಮಿನಿಯಂ ಆಕ್ಸೈಡ್ ಪದರ ಅಷ್ಟರಲ್ಲಿ ತೆಳುವಾಗಿರುತ್ತದೆ. ಒಮ್ಮೆಗೇ ಪೂರ್ತಿ ವೋಲ್ಟೇಜ್ ಕೊಟ್ಟರೆ ಸೋರುವ ಕರೆಂಟ್ ಏರಿ ಅದು ಹಾಳಾಗಬಹುದು. ವೇರಿಯಾಕ್ (ವೋಲ್ಟೇಜ್ ಏರಿಳಿಸುವ ಸಾಧನ) ಇಟ್ಟು ನಿಧಾನವಾಗಿ ಏರಿಸಿದರೆ ಪದರ ಮತ್ತೆ ಕಟ್ಟಿಕೊಳ್ಳುತ್ತದೆ.

ರೆಕಾರ್ಡ್ ಪ್ಲೇಯರಿನ ಸೂಜಿ ಹಿಡಿದಿರುವ ಕಾರ್ಟ್ರಿಜ್‌ನಲ್ಲಿ ಸಣ್ಣ ರಬ್ಬರ್ ಡ್ಯಾಂಪರ್ ಇದೆ. ಅದು ಸ್ವಲ್ಪ ಸಡಿಲವಾಗುತ್ತದೆ. ಆದರೆ ಕೋಣೆಯ ಚಳಿ ಅದರ ಮೇಲೆ ಮಾಡುವ ಪರಿಣಾಮವನ್ನೂ ಮರೆಯಬೇಡಿ.

ಕಿವಿಗೂಡು:

ಹೆಡ್‌ಫೋನ್ ಬಗ್ಗೆ ಒಂದೆರಡು ಮಾತು. ಹೆಡ್‌ಫೋನಿನಲ್ಲಿ ದಿನ ಕಳೆದ ಹಾಗೆ ನಿಜವಾಗಿ ಬದಲಾಗುವುದು ಇಯರ್‌ಪ್ಯಾಡ್. ಅದು ಅಮುಕಿಕೊಂಡು ಡ್ರೈವರ್ ಕಿವಿಗೆ ಹತ್ತಿರ ಬರುತ್ತದೆ, ಸುತ್ತ ಸೀಲ್ ಚೆನ್ನಾಗಿ ಕೂರುತ್ತದೆ, ಬೇಸ್ ಏರುತ್ತದೆ. ತಲೆಪಟ್ಟಿಯ ಹಿಡಿತವೂ ಸಡಿಲವಾಗುತ್ತದೆ. ಒಮ್ಮೆ ತೆಗೆದು ಮತ್ತೆ ಹಾಕಿಕೊಂಡರೂ ದನಿ ಅಷ್ಟಿಷ್ಟು ಬದಲಾಗುತ್ತದೆ, ಕನ್ನಡಕ ಹಾಕಿಕೊಂಡರಂತೂ ಹೇಳುವುದೇ ಬೇಡ. ಕಿವಿಯೊಳಗೆ ಹಾಕುವ ಇಯರ್‌ಫೋನ್ ಆದರೆ ಮೊದಲು ಟಿಪ್ ಬದಲಿಸಿ ನೋಡಿ. ಬ್ಯಾಲೆನ್ಸ್ಡ್ ಆರ್ಮೇಚರ್ (ಕೋನ್ ಬದಲು ಸಣ್ಣ ಲೋಹದ ಪಟ್ಟಿ ಆಡುವ ಪುಟ್ಟ ಡ್ರೈವರ್) ಇರುವವುಗಳಲ್ಲಿ ವೂಫರಿನಲ್ಲಿರುವಂಥ ಸರೌಂಡ್, ಸ್ಪೈಡರ್ ಇಲ್ಲ, ಸಡಿಲವಾಗುವುದಕ್ಕೆ ಜಾಗ ಬಹಳ ಕಡಿಮೆ. ಬ್ಲೂಟೂತ್‌ನವುಗಳಲ್ಲಿ ಫರ್ಮ್‌ವೇರ್ ಅಪ್‌ಡೇಟ್ ಬಂದು ದನಿ ಬದಲಾಗಿದ್ದನ್ನು ಪಳಗಿತು ಅಂದುಕೊಂಡವರನ್ನು ನೋಡಿದ್ದೇನೆ.

ರಾತ್ರಿರೇಡಿಯೊ:

ಕೋನ್‌ಕೆಲಸ ಅವರೇ, ನಿಮ್ಮ ಲೆಕ್ಕ ಅರ್ಥವಾಯಿತು. ಆದರೆ ನಾನು ಬದಲಾವಣೆ ಕೇಳಿದ್ದು ನಿಜ. ದಿನಾ ಅದೇ ಕುರ್ಚಿ, ಅದೇ ಹಾಡುಗಳು. ನನ್ನ ಕಿವಿಯನ್ನೇ ನಂಬಬಾರದು ಅಂದರೆ ಮತ್ತೆ ಹಾಡು ಕೇಳುವುದು ಯಾಕೆ? ಕೇಬಲ್ ಬದಲಿಸಿದಾಗಲೂ ಹೀಗೇ ಆಗಿತ್ತು, ಮೊದಲು ಒರಟು, ಆಮೇಲೆ ಮೆತ್ತಗೆ.

ಕೋನ್‌ಕೆಲಸ:

ನೀವು ಕೇಳಿದ್ದನ್ನು ನಾನು ಸುಳ್ಳು ಅನ್ನುವುದಿಲ್ಲ. ನಿಮಗೆ ಬದಲಾವಣೆ ಆದದ್ದು ನಿಜ. ಅದು ಪೆಟ್ಟಿಗೆಯಲ್ಲಿ ಆಯಿತೋ ನಿಮ್ಮಲ್ಲಿ ಆಯಿತೋ ಅನ್ನುವುದಷ್ಟೇ ಪ್ರಶ್ನೆ. ಮೊದಲ ಸಂಜೆ ಆದದ್ದರಲ್ಲಿ ಪೆಟ್ಟಿಗೆಯ ಪಾಲೂ ಇದೆ. ತಿಂಗಳುದ್ದಕ್ಕೂ ಆದದ್ದು ಕೇಳುವವರಲ್ಲಿ ಆದದ್ದು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ದನಿಯ ಸೂಕ್ಷ್ಮ ಬಣ್ಣ ನಮ್ಮ ನೆನಪಿನಲ್ಲಿ ನಿಲ್ಲುವುದು ಕೆಲವೇ ಸೆಕೆಂಡು. ಹೋದ ತಿಂಗಳ ಟ್ರೆಬಲ್ ಹೇಗಿತ್ತು ಅಂತ ಯಾರೂ ಹೋಲಿಸಿ ಹೇಳಲಾರರು. ನಮಗೆ ನೆನಪಿರುವುದು ಆಗ ಆದ ಬೇಸರ ಮಾತ್ರ. ಪದೇ ಪದೇ ಎದುರಾದದ್ದು ನಮಗೆ ಇಷ್ಟವಾಗುತ್ತಾ ಹೋಗುತ್ತದೆ ಅಂತ ಮನಶ್ಶಾಸ್ತ್ರಜ್ಞ ರಾಬರ್ಟ್ ಝಯೋಂಟ್ಸ್ 1968ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. 1994ರಲ್ಲಿ ಸ್ಪೀಕರ್ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಇನ್ನೊಂದು ಪ್ರಯೋಗ ಪ್ರಕಟಿಸಿದರು. ಅವೇ ಸ್ಪೀಕರ್‌ಗಳನ್ನು ಪರದೆಯ ಹಿಂದಿಟ್ಟು ಒಮ್ಮೆ, ಕಣ್ಣಿಗೆ ಕಾಣುವಂತಿಟ್ಟು ಒಮ್ಮೆ ಕೇಳಿಸಿ ಅಂಕ ಕೊಡಿಸಿದರು. ಕಂಡಾಗ ಕೊಟ್ಟ ಅಂಕವೇ ಬೇರೆ, ಕಾಣದಾಗ ಕೊಟ್ಟ ಅಂಕವೇ ಬೇರೆ. ಕೇಳಿದವರು ಇದೇ ಉದ್ಯೋಗದಲ್ಲಿದ್ದವರು. ಹಾಗಾಗಿ ಇದು ಕಿವಿ ಚೆನ್ನಾಗಿಲ್ಲದವರ ಸಮಸ್ಯೆ ಅಲ್ಲ, ಮನುಷ್ಯರೆಲ್ಲರದ್ದು.

ಇನ್ನೊಂದು ಯೋಚಿಸಿ ನೋಡಿ. ಪಳಗಿದ ಮೇಲೆ ದನಿ ಕೆಟ್ಟಿತು ಅಂತ ಯಾರಾದರೂ ಬರೆದದ್ದನ್ನು ಎಷ್ಟು ಸಲ ಓದಿದ್ದೀರಿ? ಬಟ್ಟೆ, ರಬ್ಬರು ಸಡಿಲವಾಗುವುದೇ ಕಾರಣ ಆಗಿದ್ದರೆ ಕೆಲವು ಸ್ಪೀಕರಿಗೆ ಅದರಿಂದ ಒಳ್ಳೆಯದು, ಕೆಲವಕ್ಕೆ ಕೆಟ್ಟದ್ದು ಆಗಬೇಕಿತ್ತು. ಯಾವಾಗಲೂ ಒಂದೇ ಕಡೆಗೆ, ನಮಗೆ ಇಷ್ಟವಾಗುವ ಕಡೆಗೇ ಬದಲಾಗುತ್ತದೆ ಅಂದರೆ ಒಗ್ಗಿಕೊಳ್ಳುತ್ತಿರುವುದು ನಾವು.

ಕೇಬಲ್‌ನಲ್ಲಿ ಸಡಿಲವಾಗುವುದಕ್ಕೆ ಏನೂ ಇಲ್ಲ. ತಾಮ್ರ, ಅದರ ಮೇಲೆ ಪ್ಲಾಸ್ಟಿಕ್. ಹಾಡಿನ ಕರೆಂಟು ಅದರಲ್ಲಿ ಹಿಂದೆ ಮುಂದೆ ಹೋಗುತ್ತದೆ, ಎಷ್ಟು ಗಂಟೆ ಹೋದರೂ ತಾಮ್ರ ತಾಮ್ರವೇ. ನೀವು ಕೇಬಲ್ ಬದಲಿಸುವಾಗ ಹಳೆಯ ಕನೆಕ್ಟರ್ ಬಿಚ್ಚಿ ಹೊಸದನ್ನು ಗಟ್ಟಿಯಾಗಿ ಕೂರಿಸಿದಿರಿ, ತುಕ್ಕು ಹಿಡಿದ ಕಡೆ ಉಜ್ಜಿದಂತಾಯಿತು. ಆ ವ್ಯತ್ಯಾಸ ಅದೇ ಕ್ಷಣಕ್ಕೆ ಸಿಗುವಂಥದ್ದು.

ಹೊಸಕಿವಿ ಅವರೇ, ನಿಮಗೆ ಒಂದು ಒಳ್ಳೆಯ ಅವಕಾಶ ಇದೆ. ನಿಮ್ಮ ಬಳಿ ಒಂದೇ ಮಾದರಿಯ ಎರಡು ಸ್ಪೀಕರ್ ಇವೆ. ಒಂದನ್ನು ಮಾತ್ರ ಓಡಿಸಿ. ಇನ್ನೊಂದರ ತಂತಿ ಬಿಚ್ಚಿಡಿ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು, ಒಂದೇ ಮೋನೊ ಹಾಡನ್ನು ಒಂದಾದ ಮೇಲೊಂದರಲ್ಲಿ ಹಾಕಿ. ಯಾವುದು ಓಡುತ್ತಿದೆ ಅಂತ ನಿಮಗೆ ಕಾಣಬಾರದು, ಬದಲಿಸುವವರು ಬೇರೆಯವರಾಗಲಿ. ದನಿಯ ಮಟ್ಟ ಎರಡರಲ್ಲೂ ಒಂದೇ ಇರಲಿ. ಅರ್ಧ ಡೆಸಿಬೆಲ್ ಜೋರಿದ್ದರೂ ಜೋರಾಗಿರುವುದೇ ಚೆನ್ನಾಗಿದೆ ಅನಿಸಿಬಿಡುತ್ತದೆ. ಮಧ್ಯೆ ಸ್ಪೀಕರ್‌ಗಳ ಜಾಗವನ್ನೂ ಅದಲು ಬದಲು ಮಾಡಿ, ಇಲ್ಲದಿದ್ದರೆ ನೀವು ಕೇಳುವುದು ಕೋಣೆಯ ವ್ಯತ್ಯಾಸ ಆಗುತ್ತದೆ. ಮೈಕ್ ಇದ್ದರೆ ಆರ್‌ಇಡಬ್ಲ್ಯು ಅನ್ನುವ, ದನಿ ಅಳೆಯುವ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು, ಓಡಿಸುವ ಮೊದಲೇ ಎರಡನ್ನೂ ಅಳೆದಿಡಿ. ಒಂದೇ ಕಾರ್ಖಾನೆಯ ಎರಡು ಸ್ಪೀಕರ್‌ಗಳ ನಡುವೆಯೂ ಹುಟ್ಟಿನಿಂದಲೇ ಸಣ್ಣ ವ್ಯತ್ಯಾಸ ಇರುತ್ತದೆ. ಅದನ್ನು ಪಳಗಿದ್ದರ ಲೆಕ್ಕಕ್ಕೆ ಹಾಕಬಾರದು.

ಹೊಸಕಿವಿ:

ಎಲ್ಲರಿಗೂ ಥ್ಯಾಂಕ್ಸ್. ಕೋನ್‌ಕೆಲಸ ಅವರು ಹೇಳಿದ ಹಾಗೇ ಮಾಡಿದೆ.

ಪೊಲಾರಿಟಿ ಸರಿ ಇತ್ತು, ಮಾತಾಡುವ ದನಿ ನಡುವೆ ಗಟ್ಟಿಯಾಗಿ ನಿಂತಿತು. ಸ್ಪೀಕರ್ ಗೋಡೆಯಿಂದ ಹೆಚ್ಚುಕಮ್ಮಿ ಒಂದು ಮೀಟರ್ ದೂರವೇ ಇತ್ತು. ಕೈಪಿಡಿಯ ಚಿತ್ರದಲ್ಲಿ ಹಾಗೆ ಇಡಿ ಅಂತ ಇತ್ತು. ಒಂದು ಅಡಿಗೆ ತಂದೆ, ಕುರ್ಚಿಯನ್ನು ಹಿಂದೆ ಸರಿಸಿದೆ. ಡ್ರಮ್ ಅಲ್ಲೇ ಮೈತುಂಬಿಕೊಂಡಿತು. ಅದೇ ಸ್ಪೀಕರ್ ಅಂತ ನಂಬಲು ಕಷ್ಟವಾಯಿತು.

ಎಡಗಡೆಯದನ್ನು ಮಾತ್ರ ಎರಡು ಸಂಜೆ ಚೆನ್ನಾಗಿ ಓಡಿಸಿದೆ. ಆಮೇಲೆ ಅಕ್ಕನ ಕೈಗೆ ತಂತಿ ಕೊಟ್ಟು, ನಾನು ಕಣ್ಣು ಮುಚ್ಚಿ ಕೂತೆ. ಜಾಗವನ್ನೂ ಅದಲು ಬದಲು ಮಾಡಿದೆವು. ಯಾವುದು ಓಡಿದ್ದು, ಯಾವುದು ಓಡದ್ದು ಅಂತ ನನಗೆ ಹೇಳಲಾಗಲಿಲ್ಲ. ಅಕ್ಕನಿಗೂ ಆಗಲಿಲ್ಲ. ಎರಡರಲ್ಲೂ ಸ ಒಂದೇ ತರ ಚುಚ್ಚುತ್ತಿತ್ತು. ಸ್ಪೀಕರ್ ಮುಖವನ್ನು ನನ್ನ ಕಿವಿಯಿಂದ ಸ್ವಲ್ಪ ಹೊರಗೆ ತಿರುಗಿಸಿದರೆ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ವಾಪಸ್ ಕೊಡುತ್ತಿದ್ದೇನೆ. ಮಾರಿದವರು ಮತ್ತೆ ಅದೇ ಮಾತು ಹೇಳಿದರು, ನಾನು ಗಡುವಿನ ತಾರೀಖು ತೋರಿಸಿದೆ, ಒಪ್ಪಿದರು. ಮುಂದಿನ ಸಲ ಆರಿಸುವಾಗ ಮೆಟಲ್ ಡೋಮ್ ಬೇಡ, ಸಾಫ್ಟ್ ಡೋಮ್ ನೋಡಲಾ?

ರಾತ್ರಿರೇಡಿಯೊ:

ನಿಮ್ಮ ಪ್ರಯೋಗ ಓದಿ ಖುಷಿಯಾಯಿತು. ಹಳೆಯ ಸ್ಪೀಕರಿನಲ್ಲಿ ಇದನ್ನು ಮಾಡಲು ಈಗ ಆಗುವುದಿಲ್ಲ. ನನ್ನ ತಮ್ಮ ಹೊಸ ಜೊತೆ ತರುವವನಿದ್ದಾನೆ, ಒಂದನ್ನು ಮಾತ್ರ ಓಡಿಸಿ ನೋಡೋಣ ಅಂತ ಅವನಿಗೆ ಹೇಳಿದ್ದೇನೆ. ನನಗೆ ವ್ಯತ್ಯಾಸ ಕೇಳಿಸುತ್ತದೆ ಅಂತಲೇ ಅಂದುಕೊಂಡಿದ್ದೇನೆ. ಏನಾಯಿತು ಅಂತ ಇಲ್ಲೇ ಬರೆಯುತ್ತೇನೆ.

ಕೋನ್‌ಕೆಲಸ:

ಖಂಡಿತ ಬರೆಯಿರಿ. ಕೇಳಿಸಿದರೂ ಬರೆಯಿರಿ, ನಾನು ಡ್ರೈವರ್ ಬಿಚ್ಚಿ ಅಳೆದುಕೊಡುತ್ತೇನೆ.

ಹೊಸಕಿವಿ ಅವರೇ, ಡೋಮ್ ಯಾವುದರದ್ದು ಅನ್ನುವುದನ್ನು ಜಾಸ್ತಿ ತಲೆಗೆ ಹಚ್ಚಿಕೊಳ್ಳಬೇಡಿ. ಚೆನ್ನಾಗಿ ಮಾಡಿದ ಮೆಟಲ್ ಡೋಮ್ ನಯವಾಗಿರುತ್ತದೆ, ಸರಿಯಾಗಿ ಮಾಡದ ರೇಷ್ಮೆ ಡೋಮ್ ಕೂಡ ಚುಚ್ಚುತ್ತದೆ. ಅಳತೆಯ ಗ್ರಾಫ್ ಸಿಕ್ಕರೆ ಎರಡು ಗೆರೆ ನೋಡಿ. ಒಂದು, ನೇರ ಎದುರು ಅಳೆದದ್ದು. 5ರಿಂದ 8 ಕಿಲೋಹರ್ಟ್ಸ್ ನಡುವೆ ಅದು ಮೇಲೆದ್ದಿರಬಾರದು. ಇನ್ನೊಂದು, ಪಕ್ಕಕ್ಕೆ 30 ಡಿಗ್ರಿ, 60 ಡಿಗ್ರಿ ಸರಿದು ಅಳೆದದ್ದು. ಅದು ಮೊದಲನೆಯದರ ಜೊತೆಗೇ ನಿಧಾನವಾಗಿ ಇಳಿಯುತ್ತಾ ಹೋಗಬೇಕು. ಕ್ರಾಸ್‌ಓವರ್ ಹತ್ತಿರ, 2ರಿಂದ 4 ಕಿಲೋಹರ್ಟ್ಸ್ ಸುತ್ತ, ಪಕ್ಕದ ಗೆರೆ ಇದ್ದಕ್ಕಿದ್ದಂತೆ ಉಬ್ಬಿದ್ದರೆ ಆ ಉಬ್ಬು ನಿಮ್ಮ ಗೋಡೆಗೆ ಬಡಿದು ಕಿವಿಗೆ ಬರುತ್ತದೆ. ಅಂಥ ಸ್ಪೀಕರನ್ನು ಎಷ್ಟು ತಿರುಗಿಸಿಟ್ಟರೂ ಪೂರ್ತಿ ಸರಿಹೋಗುವುದಿಲ್ಲ.

ಕೇಳಿ ನೋಡಲು ಹೋದಾಗ ನಿಮಗೆ ಚುಚ್ಚಿದ ಆ ಹಾಡನ್ನೇ ಜೊತೆಗೆ ಒಯ್ಯಿರಿ. ಅಲ್ಲಿ ಪ್ರದರ್ಶನಕ್ಕಿಟ್ಟ ಜೊತೆ ಹೇಗೂ ಸಾಕಷ್ಟು ಓಡಿರುತ್ತದೆ. ಮನೆಯಲ್ಲಿ ನೀವು ಕೇಳುವಷ್ಟೇ ದನಿಯಲ್ಲಿ ಹಾಕಿಸಿ, ಜೋರಾಗಿ ಬೇಡ. ಮೆಲ್ಲಗೆ ಹಾಕಿದಾಗ ನಮ್ಮ ಕಿವಿಗೆ ಬೇಸ್ ಕಡಿಮೆ ಕೇಳಿಸುತ್ತದೆ, ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದಿದ್ದಾರೆ. ಜೋರಾಗಿ ಹಾಕಿ ತೋರಿಸಿದ ಸ್ಪೀಕರ್ ಮನೆಗೆ ಬಂದ ಮೇಲೆ ತೆಳ್ಳಗೆ ಕೇಳುವುದಕ್ಕೆ ಇದೂ ಒಂದು ಕಾರಣ. ಮತ್ತೆ, ಹಳೆಯ ಜೊತೆಯನ್ನು ವಾಪಸ್ ಕಳಿಸುವಾಗ ಮುಖದ ಜಾಲರಿ ಹಾಕಿಯೇ ಪ್ಯಾಕ್ ಮಾಡಿ. ಮೆಟಲ್ ಡೋಮಿಗೆ ಬೆರಳು ತಾಗಿ ಗುಳಿ ಬಿದ್ದರೆ ಆ ನೆಪ ಹೇಳಿ ಹಣ ಹಿಡಿಯಬಹುದು.